ನಿಮಗಿದು ಗೊತ್ತೇ? ಬಾನೆಟ್ಟಿನೊಳಗೆ ಟಿಕ್ ಟಿಕ್, ಕಟ ಕಟ, ಕೀಂಯ್!

ಮೊಗ್ರಾಲ್ ಎಲ್ಲಿದೆ ಹೇಳಿ? ಕುಂಬಳೆ ದಾಟಿ ಕಾಸರಗೋಡಿಗೆ ಹೋಗುವ ದಾರಿಯಲ್ಲಿ. ಪಡುವಣಕ್ಕೆ ಕಡಲು, ಪಕ್ಕದಲ್ಲಿ ಹೊಳೆ, ನಡುವೆ 66ನೇ ರಾಷ್ಟ್ರೀಯ ಹೆದ್ದಾರಿ. ಮಾಪ್ಪಿಳ ಹಾಡುಗಳ ನಂಟಿನಿಂದ ‘ಇಶಲ್ ಗ್ರಾಮ’ ಎಂಬ ಹೆಸರೂ ಈ ಊರಿಗಿದೆ. ಇಶಲ್ ಎಂದರೆ ಧಾಟಿ. ಧಾಟಿ ಹಿಡಿಯಬಲ್ಲ ಕಿವಿಗಳ ಊರು! ಇಂಥ ಕಿವಿಗೆ ಬಾನೆಟ್ಟಿನೊಳಗಿನ ಅಪಸ್ವರ ಹಿಡಿಯುವುದೇನು ಕಷ್ಟ? ಗ್ಯಾರೇಜಿಗೆ ಫೋನ್ ಮಾಡುವ ಮೊದಲು ಅಂಗಳದಲ್ಲೇ ಒಂದಿಷ್ಟು ಕೇಳಿಸಿಕೊಳ್ಳೋಣ, ಬನ್ನಿ.

ಜೋರು ಸದ್ದಿಗೆ ಹೆದರಬೇಡಿ! ಕಿವಿ ಚುಚ್ಚುವ ಸದ್ದು ಹೆಚ್ಚಾಗಿ ಸಣ್ಣ ರಿಪೇರಿಯದು. ಊರಿಗೆಲ್ಲ ಕೇಳುವ ಬೆಲ್ಟಿನ ಕಿರುಚಾಟಕ್ಕೆ ಬೆಲ್ಟ್ ಬದಲಿಸಿದರೆ ಮುಗಿಯಿತು. ಆಳದಿಂದ ಮೆಲ್ಲಗೆ, ದಪ್ಪಗೆ ಬರುವ ‘ಡೊಗ್ ಡೊಗ್’ ಇದೆಯಲ್ಲ, ಅದಕ್ಕೆ ಎಂಜಿನ್ನನ್ನೇ ಬಿಚ್ಚಬೇಕಾದೀತು!

ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸುತ್ತು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಆ ಒಂದೇ ಸೆಕೆಂಡಿನೊಳಗೆ ಇಂಧನ 100 ಸಲ ಹೊತ್ತಿ ಉರಿಯುತ್ತದೆ. ಮೊಗ್ರಾಲ್ ಸೇತುವೆ ದಾಟುವಷ್ಟರಲ್ಲಿ ಎಷ್ಟು ಸಲ ಆಯಿತು? ನೀವೇ ಲೆಕ್ಕ ಹಾಕಿ!

ಇನ್ನೊಂದು ಮಜಾ ಕೇಳಿ. ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ಬರುವಾಗ ವಾಲ್ವ್‌ಗಳನ್ನು ತೆರೆಯುವ ಮೇಲಿನ ಕ್ಯಾಮ್ ಬರುವುದು ಒಂದೇ ಸುತ್ತು. ಆದ್ದರಿಂದ ಸಡಿಲವಾದ ಒಂದು ವಾಲ್ವ್ ಟಿಕ್ಕೆನ್ನುವುದು ಎಂಜಿನ್ನಿನ ಅರ್ಧ ವೇಗದಲ್ಲಿ. ಕ್ರ್ಯಾಂಕಿನ ಬೇರಿಂಗ್ ಸವೆದಿದ್ದರೆ ಅದು ಬಡಿಯುವುದು ಪೂರ್ತಿ ವೇಗದಲ್ಲಿ. ಬರೀ ಲಯದಿಂದಲೇ ರೋಗ ಮೇಲಿನದೋ ಕೆಳಗಿನದೋ ಎಂದು ಅಂದಾಜಿಸಬಹುದು!

ಅಷ್ಟು ವೇಗವಾಗಿ ಎಣಿಸುವುದು ಹೇಗೆ ಅಂತೀರಾ? ನಿಮ್ಮ ಮೊಬೈಲ್ ಇದೆಯಲ್ಲ! ನಿಂತಲ್ಲೇ ಓಡುವ ಎಂಜಿನ್ 800 ಸುತ್ತಿನಲ್ಲಿದ್ದರೆ ಒಂದು ವಾಲ್ವಿನ ಸದ್ದು ಸೆಕೆಂಡಿಗೆ ಆರೇಳು ಸಲ, ಕ್ರ್ಯಾಂಕಿನದು ಹದಿಮೂರು ಸಲ. ವಿಡಿಯೋ ಮಾಡಿ ಕಾಲುಭಾಗ ವೇಗದಲ್ಲಿ ಓಡಿಸಿ. ವಾಲ್ವಿನ ಟಿಕ್ ಸೆಕೆಂಡಿಗೆ ಎರಡೂ ಇಲ್ಲ. ಬೆರಳು ಮಡಚಿ ಎಣಿಸಬಹುದು!

ದನಿಯಲ್ಲೂ ಇದೇ ಭೇದ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಪಕ್ಕದಲ್ಲೇ ಇರುವಾಗ ಬೇರೆ ಹೋಲಿಕೆ ಯಾಕೆ? ಎಂಜಿನ್ನಿನ ಮೇಲ್ತುದಿಯಿಂದ ಬರುವ ವಾಲ್ವಿನ ಸದ್ದು ಚೆಂಡೆಯದು: ತೆಳು, ಚುರುಕು. ತಳದಿಂದ ಬರುವ ಬೇರಿಂಗಿನ ಸದ್ದು ಮದ್ದಳೆಯದು: ದಪ್ಪ, ಗಂಭೀರ. ಆಟ ನೋಡಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ!

ಬಾನೆಟ್ಟಿನಡಿ ಕಿವಿ ಮೋಸ ಹೋಗುತ್ತದೆ ಗೊತ್ತೇ? ಸದ್ದು ಎಡಕಿವಿಗೂ ಬಲಕಿವಿಗೂ ತಲುಪುವ ಹೊತ್ತಿನಲ್ಲಿ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ಅಂತರ ಇರುತ್ತದೆ. ಅದು ಯಾವ ಕಡೆಯಿಂದ ಬಂತು ಎಂದು ಮೆದುಳು ಅಂದಾಜು ಮಾಡುವುದಕ್ಕೆ ಈ ಅಂತರವೂ ಬೇಕು. ಸುತ್ತಲೂ ತಗಡು, ಕಬ್ಬಿಣ ಇದ್ದರೆ ಪ್ರತಿಧ್ವನಿಯೇ ಪ್ರತಿಧ್ವನಿ. ಎಡಗಡೆಯ ಸದ್ದು ಬಲಗಡೆಯದೆನಿಸುತ್ತದೆ!

ಅದಕ್ಕೆ ಮದ್ದು ನಿಮ್ಮ ಟೂಲ್ ಬಾಕ್ಸಿನಲ್ಲೇ ಇದೆ. ಉದ್ದದ ಸ್ಕ್ರೂಡ್ರೈವರ್! ತುದಿಯನ್ನು ಎಂಜಿನ್ನಿನ ತಿರುಗದ ಭಾಗಕ್ಕೆ ಮುಟ್ಟಿಸಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ. ಅಬ್ಬ ಮಾರಾಯ್ರೆ, ಒಳಗಿನದ್ದೆಲ್ಲ ಕೇಳುತ್ತದೆ! ಆಲ್ಟರ್ನೇಟರ್ ಮೇಲೆ ಇಡಿ, ವಾಟರ್ ಪಂಪಿನ ಮೇಲೆ ಇಡಿ, ವಾಲ್ವ್ ಕವರಿನ ಮೇಲೆ ಇಡಿ. ಎಲ್ಲಿ ಸದ್ದು ಹೆಚ್ಚೋ ಅಲ್ಲೇ ಕಳ್ಳ.

ಯಾಕೆ ಹೀಗೆ? ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡಿದರೆ ಉಕ್ಕಿನಲ್ಲಿ 5000 ಮೀಟರಿಗೂ ಹೆಚ್ಚು. ಅದೂ ಅತ್ತಿತ್ತ ಚೆದುರದೆ ನೇರವಾಗಿ ನಿಮ್ಮ ತಲೆಬುರುಡೆಗೆ!

ಡಾಕ್ಟರರ ಸ್ಟೆತಾಸ್ಕೋಪ್ ಹುಟ್ಟಿದ್ದೂ ಇಂಥದೇ ಉಪಾಯದಿಂದ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ರೆನೆ ಲೆನೆಕ್‌ಗೆ ಒಬ್ಬ ತರುಣಿಯ ಎದೆಗೆ ಕಿವಿಯಿಡಲು ಸಂಕೋಚವಾಯಿತು. ಕಾಗದ ಸುತ್ತಿ ಕೊಳವೆ ಮಾಡಿ ಕೇಳಿದ. ನೇರ ಕಿವಿಯಿಟ್ಟದ್ದಕ್ಕಿಂತ ಸ್ಪಷ್ಟವಾಗಿ ಕೇಳಿಸಿತು! ಇವತ್ತು ಕಾರು ಮೆಕ್ಯಾನಿಕ್‌ಗಳಿಗೂ ಸ್ಟೆತಾಸ್ಕೋಪ್ ಸಿಗುತ್ತದೆ. ತುದಿಯಲ್ಲಿ ಬಿಲ್ಲೆಯ ಬದಲು ಕಬ್ಬಿಣದ ಕಡ್ಡಿ, ಅಷ್ಟೇ ವ್ಯತ್ಯಾಸ.

‘ಪುಸ್’ ಎಂದು ಗಾಳಿ ಸೋರುವ ಸದ್ದಿಗೆ ಮಾತ್ರ ಸ್ಕ್ರೂಡ್ರೈವರ್ ಸಲ್ಲದು. ಅದಕ್ಕೆ ಬೇಕು ತೋಟದ ಪೈಪಿನ ಒಂದು ತುಂಡು! ಅಡಿಕೆ ತೋಟವಿದ್ದವರಿಗೆ ಅದಕ್ಕೇನು ಬರ? ಒಂದು ತುದಿ ಕಿವಿಯ ಬಳಿ, ಇನ್ನೊಂದು ತುದಿಯನ್ನು ಹೋಸುಗಳ ಮೇಲೆ ಮೆಲ್ಲಗೆ ಆಡಿಸಿ. ಸೀಳಿದ ಹೋಸಿನ ಹತ್ತಿರ ಬಂದೊಡನೆ ‘ಸ್ಸ್ಸ್’ ಎಂದು ಕಿವಿಯೊಳಗೇ ಕೇಳುತ್ತದೆ.

ಆದರೆ ಜಾಗ್ರತೆ! ಈಗಿನ ಕಾರುಗಳ ರೇಡಿಯೇಟರ್ ಫ್ಯಾನ್ ಕರೆಂಟಿನದು. ಎಂಜಿನ್ ಆಫ್ ಮಾಡಿದ ಮೇಲೂ ಅದು ತಟ್ಟನೆ ತಿರುಗತೊಡಗಬಹುದು. ಮುಂಡು ಎತ್ತಿ ಕಟ್ಟಿ. ಶಾಲು, ತಲೆಗೂದಲು, ಕತ್ತಿನ ಸರ ಯಾವುದೂ ಜೋತಾಡದಿರಲಿ.

ಇನ್ನೊಂದು ಮಾತು, ನಗೆಯಲ್ಲಿ ಹೇಳುವಂಥದಲ್ಲ. ಬಾಗಿಲು ಹಾಕಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿ ಸದ್ದು ಕೇಳಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಅಂಟಿಕೊಳ್ಳುವುದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ! ಕಾರು ಅಂಗಳಕ್ಕೆ ಬರಲಿ.

ಈಗ ಮಳೆಗಾಲಕ್ಕೆ ಬರೋಣ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ. ಜೂನಿನ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದೊಡನೆ ‘ಕೀಂಯ್’! ಒದ್ದೆ ಬೆಲ್ಟಿಗೆ ಹಿಡಿತ ಕಡಿಮೆ. ಅದೇ ಹೊತ್ತಿಗೆ ವೈಪರ್, ಲೈಟ್, ಬ್ಲೋವರ್ ಎಲ್ಲವೂ ಆನ್. ಆಲ್ಟರ್ನೇಟರಿಗೆ ಭಾರ ಹೆಚ್ಚಿ ಬೆಲ್ಟ್ ಜಾರುತ್ತದೆ, ಕಿರುಚುತ್ತದೆ.

ಬೆಲ್ಟಿನ ತೊಂದರೆ ಏನೆಂದು ನೀರೇ ಹೇಳುತ್ತದೆ ಎಂದರೆ ನಂಬುತ್ತೀರಾ? ಬಟ್ಟೆಗೆ ಇಸ್ತ್ರಿ ಹಾಕುವಾಗ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ತನ್ನಿ. ಕೈ ದೂರವಿಟ್ಟು, ಓಡುವ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಹೊಡೆಯಿರಿ. ಸದ್ದು ಜೋರಾಯಿತೇ? ಬೆಲ್ಟ್ ಸಡಿಲ. ಸದ್ದು ನಿಂತು, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಶುರುವಾಯಿತೇ? ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಒಂದು ಚಿಮುಕು ನೀರಿಗೆ ಎರಡು ರೋಗದ ಗುರುತು!

ಅದೇ ನೀರು ಎಂಜಿನ್ನಿನೊಳಗೆ ಹೋದರೆ ಕಥೆಯೇ ಬೇರೆ. ಪೆಟ್ರೋಲ್ ಎಂಜಿನ್ನಿನ ಪಿಸ್ಟನ್ ಗಾಳಿಯನ್ನು ಸುಮಾರು ಹತ್ತನೇ ಒಂದು ಭಾಗಕ್ಕೆ ಹಿಂಡುತ್ತದೆ. ನೀರನ್ನು ಹಾಗೆ ಹಿಂಡಲು ಬರುವುದಿಲ್ಲ. ಮೇಲೇರುವ ಪಿಸ್ಟನ್ನಿಗೆ ಕೆಳಗಿಂದ ಒತ್ತಡ, ಮೇಲೆ ಜಗ್ಗದ ನೀರು. ಫಲ? ಉಕ್ಕಿನ ಕನೆಕ್ಟಿಂಗ್ ರಾಡ್ ಬಾಗಿಬಿಡುತ್ತದೆ!

ಇದಕ್ಕೆ ಕಾರು ಮುಳುಗಬೇಕಾಗಿಯೇ ಇಲ್ಲ. ಹಲವು ಕಾರುಗಳು ಗಾಳಿ ಎಳೆದುಕೊಳ್ಳುವ ಬಾಯಿ ಇರುವುದು ಮುಂದಿನ ಗ್ರಿಲ್ಲಿನ ಹಿಂದೆ, ಹೆಡ್‌ಲೈಟಿನ ಆಸುಪಾಸು. ತಗ್ಗಿನ ದಾರಿಯ ನೀರಿನಲ್ಲಿ ಎದುರಿನಿಂದ ಒಂದು ಬಸ್ಸು ಬಂದರೆ ಸಾಕು. ಆ ಅಲೆಯೇ ಒಳಗೆ!

ನೀರಿನ ನಡುವೆ ಎಂಜಿನ್ ನಿಂತಿತೇ? ಕೀ ತಿರುಗಿಸಬೇಡಿ, ದಯವಿಟ್ಟು! ನಿಂತಾಗ ಉಳಿದುಕೊಂಡ ರಾಡ್ ಮತ್ತೆ ಸ್ಟಾರ್ಟ್ ಮಾಡುವಾಗ ಬಾಗಬಹುದು. ಮೆಕ್ಯಾನಿಕ್ ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ ತಿರುಗಿಸಿದರೆ ಆ ತೂತುಗಳಿಂದ ನೀರು ಕಾರಂಜಿಯಾಗಿ ಚಿಮ್ಮುತ್ತದೆ. ಬಾಗಿದ ರಾಡಿನ ಎಂಜಿನ್ ಒಮ್ಮೊಮ್ಮೆ ಓಡುತ್ತದೆ ಕೂಡ, ಕಟ ಕಟ ಎನ್ನುತ್ತಾ. ಆಮೇಲೆ ಒಂದು ದಿನ ಆ ರಾಡ್ ತುಂಡಾಗಿ ಎಂಜಿನ್ ಬ್ಲಾಕನ್ನೇ ಒಡೆದು ಹೊರಬರಬಹುದು!

ಬೇರಿಂಗಿನ ಬಗ್ಗೆ ಹೇಳಿದೆನಲ್ಲ? ಕ್ರ್ಯಾಂಕಿಗೂ ಅದರ ಬೇರಿಂಗಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು. ಅದರಲ್ಲಿ ಎಣ್ಣೆಯ ತೆಳು ಪದರ. ಸರಿಯಾಗಿ ಓಡುವಾಗ ಕಬ್ಬಿಣಕ್ಕೆ ಕಬ್ಬಿಣ ತಾಗುವುದೇ ಇಲ್ಲ. ಇಡೀ ಕ್ರ್ಯಾಂಕ್ ಎಣ್ಣೆಯ ಮೇಲೆ ತೇಲುತ್ತಿರುತ್ತದೆ!

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಎಣ್ಣೆ ಕಡಿಮೆಯಾಯಿತು ಎನ್ನುವುದಕ್ಕಲ್ಲ, ಗೊತ್ತೇ? ಅದು ಎಣ್ಣೆಯ ಒತ್ತಡ ಬಿತ್ತು ಎನ್ನುವ ದೀಪ. ಅದು ಹೊತ್ತುವಾಗ ಹೊತ್ತು ಮೀರಿದೆ. ‘ಕುಂಬಳೆ ತನಕ ಹೋಗಿ ನೋಡೋಣ’ ಬೇಡ, ಅಲ್ಲೇ ಬದಿಗೆ ನಿಲ್ಲಿಸಿ. ಎಣ್ಣೆ ಎಷ್ಟಿದೆ ಎಂದು ತಿಳಿಯಲು ಸಮತಟ್ಟಿನಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ಆಯಿಲ್ ಸ್ಟಿಕ್ ಎಳೆದು ನೋಡಬೇಕು. ಎಷ್ಟೋ ಟಿಕ್ ಟಿಕ್‌ಗಳಿಗೆ ಮದ್ದು ಬರೀ ಅರ್ಧ ಲೀಟರ್ ಎಣ್ಣೆ!

ಬೆಳಿಗ್ಗೆ ಬಡಿದು, ಬಿಸಿಯಾದ ಮೇಲೆ ಸುಮ್ಮನಾಗುವ ಎಂಜಿನ್ ಇದೆಯೇ? ಪಿಸ್ಟನ್ ಅಲ್ಯೂಮಿನಿಯಮ್ಮಿನದು. ಹಳೆಯ ಎಂಜಿನ್ನುಗಳ ಸಿಲಿಂಡರ್ ಎರಕದ ಕಬ್ಬಿಣದ್ದು. ಬಿಸಿಗೆ ಅಲ್ಯೂಮಿನಿಯಮ್ ಹಿಗ್ಗುವುದು ಆ ಕಬ್ಬಿಣದ ಎರಡು ಪಟ್ಟು. ತಣ್ಣಗಿದ್ದಾಗ ಸಡಿಲವಿದ್ದು ಗೋಡೆಗೆ ಬಡಿಯುವ ಪಿಸ್ಟನ್, ಬಿಸಿಯಾಗಿ ಹಿಗ್ಗಿದಾಗ ಸರಿಯಾಗಿ ಕೂರುತ್ತದೆ. ತನ್ನ ರಿಪೇರಿ ತಾನೇ ಮಾಡಿಕೊಂಡ ಹಾಗಾಯಿತು!

ಇದಕ್ಕೆ ತದ್ವಿರುದ್ಧ, ತಣ್ಣಗಿದ್ದಾಗ ಸುಮ್ಮನಿದ್ದು ಬಿಸಿಯಾದ ಮೇಲೆ ಶುರುವಾಗುವ ದಪ್ಪ ಬಡಿತ. ಬಿಸಿ ಎಣ್ಣೆ ತೆಳ್ಳಗಾಗಿ, ಸವೆದ ಬೇರಿಂಗಿನ ಗುಟ್ಟು ಹೊರಬೀಳುತ್ತದೆ. ಇಂಥ ಕಾರನ್ನು ವರ್ಕ್‌ಶಾಪಿಗೆ ಓಡಿಸಿಕೊಂಡು ಹೋಗಬೇಡಿ. ಎಳೆಸಿಕೊಂಡು ಹೋಗಿ.

ಅಂಬಾಸಿಡರ್ ಕಾಲದ ಚಾಲಕರಿಗೆ ವಾಲ್ವಿನ ಟಿಕ್ ಟಿಕ್, ಅಂದರೆ ‘ಟ್ಯಾಪೆಟ್ ಸೌಂಡ್’, ಮನೆಮಾತು. ವಾಲ್ವ್ ಕವರ್ ಬಿಚ್ಚುವುದು, ಫೀಲರ್ ಗೇಜಿನ ತೆಳು ತಗಡನ್ನು ಸಂದಿನಲ್ಲಿ ತೂರಿಸುವುದು, ಸ್ಪ್ಯಾನರಿನಿಂದ ನಟ್ ಹಿಡಿದು ಸ್ಕ್ರೂ ತಿರುಗಿಸುವುದು. ಆಯಿತು! ಉತ್ತರಪಾರಾದ ಕಾರ್ಖಾನೆಯಲ್ಲಿ 2014ರ ತನಕ ತಯಾರಾದ ಆ ಕಾರಿನ ಎಷ್ಟೋ ರಿಪೇರಿ ರಸ್ತೆ ಬದಿಯಲ್ಲೇ ನಡೆಯುತ್ತಿತ್ತು. ಇವತ್ತಿನ ಎಷ್ಟೋ ಕಾರುಗಳಲ್ಲಿ ಆ ಸಂದನ್ನು ಎಣ್ಣೆಯ ಒತ್ತಡವೇ ತುಂಬಿಕೊಳ್ಳುತ್ತದೆ. ರಾತ್ರಿ ಎಣ್ಣೆ ಇಳಿದು ಹೋದರೆ ಬೆಳಿಗ್ಗೆ ಎರಡು ಸೆಕೆಂಡ್ ಟಿಕ್ ಟಿಕ್, ಆಮೇಲೆ ನಿಶ್ಶಬ್ದ. ಗಾಬರಿ ಬೇಡ!

ಡೀಸೆಲ್ ಎಂಜಿನ್ನಿನ ಕಟ ಕಟ ರೋಗವೇ ಅಲ್ಲ! ಅದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು 500 ಡಿಗ್ರಿ ದಾಟುವಷ್ಟು ಹಿಂಡಿ, ಅದರೊಳಗೆ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಆ ತಟ್ಟನೆಯ ಹೊತ್ತುವಿಕೆಯೇ ಆ ಸದ್ದು. ಈಗಿನ ಎಂಜಿನ್ನುಗಳು ಮೊದಲು ಒಂದು ಹನಿಯಷ್ಟು ಚಿಮ್ಮಿಸಿ, ಬಿಸಿ ಏರಿಸಿ, ಆಮೇಲೆ ಉಳಿದದ್ದನ್ನು ಚಿಮ್ಮಿಸುತ್ತವೆ. ಅದಕ್ಕೇ ಹೊಸ ಡೀಸೆಲ್ ಕಾರು ಇಷ್ಟು ಮೆತ್ತಗೆ!

ಸ್ವಿಫ್ಟ್ ಡೀಸೆಲ್, ಟಾಟಾ ವಿಸ್ಟಾ, ಫಿಯೆಟ್ ಪುಂಟೊ. ಮೂರರಲ್ಲೂ ಬರುತ್ತಿದ್ದದ್ದು ಒಂದೇ ಡೀಸೆಲ್ ಎಂಜಿನ್, ಗೊತ್ತೇ? ಫಿಯೆಟ್ಟಿನ 1.3 ಲೀಟರ್ ಮಲ್ಟಿಜೆಟ್. ತಮಾಷೆಗೆ ಅದನ್ನು ಭಾರತದ ‘ರಾಷ್ಟ್ರೀಯ ಎಂಜಿನ್’ ಎನ್ನುತ್ತಿದ್ದರು! ಅದರ ಕ್ರ್ಯಾಂಕಿಗೂ ಕ್ಯಾಮಿಗೂ ತಾಳ ಹೊಂದಿಸುವ ಟೈಮಿಂಗ್ ನಡೆಯುವುದು ಬೆಲ್ಟಿನಿಂದಲ್ಲ, ಚೈನಿನಿಂದ. ಚೈನ್ ಸಡಿಲವಾದರೆ ಸ್ಟಾರ್ಟ್ ಮಾಡಿದೊಡನೆ ‘ಗರ್ರ್’ ಎಂದು ಎಚ್ಚರಿಸುತ್ತದೆ. ರಬ್ಬರಿನ ಟೈಮಿಂಗ್ ಬೆಲ್ಟ್ ಆದರೋ? ಹೆಚ್ಚಿನ ಸಲ ಒಂದು ಮಾತೂ ಹೇಳದೆ ತುಂಡಾಗುತ್ತದೆ!

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ಕ್ಕೆ ಇದ್ದದ್ದು ಮೂರೇ ಸಿಲಿಂಡರ್. ಮೂರು ಸಿಲಿಂಡರಿನ ಎಂಜಿನ್ ನಿಂತಲ್ಲಿ ಸ್ವಲ್ಪ ನಡುಗುವುದು ಸಹಜ ಗುಣ. ಮೊದಲ ಸಲ ಅಂಥ ಕಾರು ಕೊಂಡವರು ‘ಏನೋ ಸರಿಯಿಲ್ಲ’ ಎಂದು ಈಗಲೂ ಶೋರೂಮಿಗೆ ಓಡುತ್ತಾರೆ!

ಬಾನೆಟ್ಟಿನೊಳಗೆ ಮಂದವಾಗಿ ‘ಟಕ್ ಟಕ್ ಟಕ್’ ಎನ್ನುವ ಒಂದು ಪುಟ್ಟ ವಾಲ್ವ್ ಇದೆ. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ವ್ಯರ್ಥ ಮಾಡದೆ ಎಂಜಿನ್ನಿಗೆ ಕುಡಿಸುವುದು ಅದರ ಕೆಲಸ. ಅದು ಸದ್ದು ಮಾಡಲೇಬೇಕು. ಎಷ್ಟು ಜನ ಇದಕ್ಕಾಗಿ ಟ್ಯಾಪೆಟ್ ಬಿಚ್ಚಿಸಿರಬಹುದು!

ಸೈಲೆನ್ಸರಿನ ಪೈಪು ಎಂಜಿನ್ನಿಗೆ ಸೇರುವಲ್ಲಿ ಗ್ಯಾಸ್ಕೆಟ್ ಸೀಳಿದರೂ ಥೇಟ್ ಟ್ಯಾಪೆಟ್ಟಿನ ಟಿಕ್ ಟಿಕ್. ಪತ್ತೆ ಹೇಗೆ? ಎಂಜಿನ್ ಪೂರ್ತಿ ತಣ್ಣಗಿದ್ದಾಗ ಆ ಜಾಗಕ್ಕೆ ಸಾಬೂನು ನೀರು ಹಚ್ಚಿ ಸ್ಟಾರ್ಟ್ ಮಾಡಿ. ಸೋರುವಲ್ಲಿ ಗುಳ್ಳೆ ಏಳುತ್ತದೆ!

ಕಡಲ ಬದಿಯ ಊರಿಗೆ ಕಡಲೇ ಕೊಡುವ ಒಂದು ಸದ್ದು ಇದೆ. ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವವುಗಳಲ್ಲಿ ಸೈಲೆನ್ಸರಿನ ಸುತ್ತ ಇರುವ ತೆಳು ತಗಡೂ ಒಂದು. ಬೋಲ್ಟ್ ಸಡಿಲವಾದರೆ ಎಂಜಿನ್ನೇ ಕಳಚಿ ಬಿತ್ತೇನೋ ಎನ್ನುವಷ್ಟು ಗಲಾಟೆ. ರಿಪೇರಿ? ಒಂದು ಹೋಸ್ ಕ್ಲಿಪ್!

ಒಡೆಯ ಗಲ್ಫಿನಲ್ಲಿ, ಕಾರು ಮನೆಯ ಪೋರ್ಚಿನಲ್ಲಿ. ನಮ್ಮ ಕರಾವಳಿಯಲ್ಲಿ ಇದು ಮಾಮೂಲು. ತಿಂಗಳುಗಟ್ಟಲೆ ನಿಂತ ಕಾರನ್ನು ಹೊರತೆಗೆದಾಗ ಮೊದಲು ಬರುವ ‘ಕರ ಕರ’ ಎಂಜಿನ್ನಿನದಲ್ಲ, ಬ್ರೇಕ್ ಡಿಸ್ಕಿನ ತುಕ್ಕಿನದು. ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಹೆಚ್ಚಾಗಿ ತಾನೇ ಹೋಗುತ್ತದೆ.

ಬ್ಲೋವರ್ ಹಾಕಿದಾಗ ‘ತರ ತರ’ ಬಂದರೆ ಅದು ಇಲಿಯ ಗೂಡಿರಬಹುದು! ಇಲಿಯ ಮುಂದಿನ ಹಲ್ಲು ಬದುಕಿಡೀ ಬೆಳೆಯುತ್ತಲೇ ಇರುತ್ತದೆ. ಕಡಿಯದೆ ಅದಕ್ಕೆ ವಿಧಿಯಿಲ್ಲ, ವಯರ್ ಕೈಗೆ ಸಿಕ್ಕರೆ ಬಿಡುವುದೂ ಇಲ್ಲ. ಹೋಂಡಾ ಕಂಪೆನಿ ಇದಕ್ಕೆಂದೇ ಒಂದು ಟೇಪ್ ಮಾರುತ್ತದೆ. ಅದರಲ್ಲಿ ಏನಿದೆ ಗೊತ್ತೇ? ಮೆಣಸಿನ ಖಾರ!

ಜಪಾನಿನ ನಿಸಾನ್ ಕಂಪೆನಿ 2015ರಲ್ಲಿ ಒಂದು ಅಭಿಯಾನ ಶುರುಮಾಡಿತು. ಕಾರು ಸ್ಟಾರ್ಟ್ ಮಾಡುವ ಮೊದಲು ಬಾನೆಟ್ಟಿಗೆ ಎರಡು ಏಟು ತಟ್ಟಿ ಎಂದು. ಯಾಕೆ? ಒಳಗೆ ಬೆಚ್ಚಗೆ ಮಲಗಿದ ಬೆಕ್ಕು ಎದ್ದು ಹೋಗಲಿ ಎಂದು! ಆಟಿಯ ಮಳೆಗೆ ನಮ್ಮೂರ ಬೆಕ್ಕುಗಳೂ ಅಲ್ಲೇ ಸೇರುತ್ತವೆ. ನೀವೂ ತಟ್ಟಿ.

ಸಂಪಾಜೆ ಘಾಟಿ ಹತ್ತುವಾಗ ದೊಡ್ಡ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲ್ ಕಾರು ಒಮ್ಮೊಮ್ಮೆ ‘ಕಿಣಿಕಿಣಿ’ ಎನ್ನುತ್ತದೆ. ಪೆಟ್ರೋಲ್ ಸರದಿ ಮುರಿದು ತಾನಾಗಿ ಹೊತ್ತಿಕೊಳ್ಳುವ ಸದ್ದು ಅದು. ಗೇರ್ ಇಳಿಸಿ, ನಿಲ್ಲುತ್ತದೆ!

ಈ ಒಂದು ಕಿಣಿಕಿಣಿ ತಡೆಯಲು ಜಗತ್ತು ವಿಷ ಕುಡಿಯಿತು ಎಂದರೆ ನಂಬಬೇಕು. 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿ ಸದ್ದು ನಿಲ್ಲಿಸಿದ. ಹೊಗೆಯಲ್ಲಿ ಸೀಸ ಊರೂರಿಗೆ ಹರಡಿತು. ಭಾರತ 2000ದಲ್ಲಿ ಅದನ್ನು ಕೈಬಿಟ್ಟಿತು. ಕೊನೆಯ ದೇಶ ಅಲ್ಜೀರಿಯಾ ಬಿಟ್ಟದ್ದು 2021ರಲ್ಲಿ. ಸರಿಯಾಗಿ ನೂರು ವರ್ಷ! ಈಗ ಪಂಪಿನಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಜನರ ತಕರಾರು ಏನೇ ಇರಲಿ, ಕಿಣಿಕಿಣಿ ತಡೆಯುವುದರಲ್ಲಿ ಎಥನಾಲ್ ಗಟ್ಟಿ.

ನಿಮಗಿಂತ ಮೊದಲು ನಿಮ್ಮ ಕಾರೇ ಈ ಸದ್ದು ಕೇಳಿಸಿಕೊಳ್ಳುತ್ತದೆ! ಈಗಿನ ಎಂಜಿನ್ ಬ್ಲಾಕಿಗೆ ಬಿಗಿದ ಒಂದು ಪುಟ್ಟ ಸೆನ್ಸರ್ ಸೆಕೆಂಡಿಗೆ ಆರೇಳು ಸಾವಿರ ಕಂಪನದ ಆ ದನಿಗಾಗಿ ಕಾದಿರುತ್ತದೆ. ಕೇಳಿದೊಡನೆ ಕಂಪ್ಯೂಟರ್ ಸ್ಪಾರ್ಕನ್ನು ತುಸು ತಡಮಾಡುತ್ತದೆ. ಆ ಸೆನ್ಸರಿನೊಳಗೆ ಇರುವುದು ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳು. ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಕಿಡಿ ಹಾರಿಸುವುದೂ ಅದೇ ಜಾತಿಯ ಹರಳು!

ಸದ್ದು ಎಂಜಿನ್ನಿನದೋ ಚಕ್ರದ್ದೋ? ನಿಂತಲ್ಲೇ ಆಕ್ಸಿಲರೇಟರ್ ಒತ್ತಿ. ಸದ್ದು ಏರಿಳಿದರೆ ಎಂಜಿನ್ನಿನ ಕಡೆಯದು. ನಿಂತಾಗ ಇಲ್ಲದೆ ಕಾರು ಉರುಳಿದಾಗಷ್ಟೇ ಬಂದರೆ ಹೆಚ್ಚಾಗಿ ಚಕ್ರದ ಕಡೆಯದು. ಇನ್ನೂ ಸಂಶಯವೇ? ಮುರಕಲ್ಲಿನ ಕಂಪೌಂಡ್ ಗೋಡೆಯ ಬದಿಯಲ್ಲಿ ಕಿಟಕಿ ಇಳಿಸಿ ಮೆಲ್ಲಗೆ ಹೋಗಿ. ಗೋಡೆ ಆ ಬದಿಯ ಸದ್ದನ್ನು ನಿಮ್ಮ ಕಿವಿಗೇ ವಾಪಸ್ ಕಳಿಸುತ್ತದೆ. ಖರ್ಚಿಲ್ಲದ ಯಂತ್ರ!

ಫೋನ್ ಕರೆಯಲ್ಲಿ ಮೆಕ್ಯಾನಿಕ್‌ಗೆ ಎಂಜಿನ್ ಸದ್ದು ಕೇಳಿಸಲು ಹೋಗಬೇಡಿ. ಮಾತನ್ನು ಉಳಿಸಿ ಉಳಿದ ಗದ್ದಲ ಅಳಿಸುವುದೇ ಕರೆಯ ವೇಳೆ ಫೋನಿನ ಕೆಲಸ. ನೀವು ಕೇಳಿಸಬೇಕೆಂದದ್ದನ್ನೇ ಅದು ಅಳಿಸಿಬಿಡಬಹುದು! ವಿಡಿಯೋ ಮಾಡಿ ಕಳಿಸಿ.

ಇಲ್ಲವೇ ಬಾಯಲ್ಲೇ ಮಾಡಿ ತೋರಿಸಿ, ನಾಚಿಕೆ ಬೇಡ. ಅಮೆರಿಕದಲ್ಲಿ ಟಾಮ್ ಮತ್ತು ರೇ ಮ್ಯಾಗ್ಲಿಯೊಟ್ಸಿ ಎಂಬ ಅಣ್ಣತಮ್ಮ ‘ಕಾರ್ ಟಾಕ್’ ಎಂಬ ರೇಡಿಯೋ ಕಾರ್ಯಕ್ರಮ ನಡೆಸುತ್ತಿದ್ದರು. 1987ರಿಂದ 2012ರ ತನಕ ಅದು ದೇಶಕ್ಕೆಲ್ಲ ಕೇಳಿಸಿತು. ದೊಡ್ಡ ದೊಡ್ಡವರು ಫೋನ್ ಮಾಡಿ ‘ಡುಕು ಡುಕು’, ‘ಕ್ರೀಂ’ ಎಂದು ತಮ್ಮ ಕಾರಿನ ಸದ್ದು ಅನುಕರಿಸುತ್ತಿದ್ದರು. ಅಣ್ಣತಮ್ಮ ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ರೋಗ ಏನೆಂದು ಹೇಳುತ್ತಿದ್ದರು!

ಕಾರು ನಿಲ್ಲಿಸಿ ಮನೆಯೊಳಗೆ ಹೊರಟರೆ ಹಿಂದಿನಿಂದ ‘ಟಿಂಕ್... ಟಿಂಕ್’. ಇದು ಯಾವ ರೋಗ? ಯಾವುದೂ ಅಲ್ಲ. ಸೈಲೆನ್ಸರಿನ ಒಂದು ಮೀಟರ್ ಉಕ್ಕಿನ ಕೊಳವೆ 300 ಡಿಗ್ರಿ ಬಿಸಿಯೇರಿದರೆ ಮೂರೂವರೆ ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ತಣಿಯುವಾಗ ಅಷ್ಟನ್ನೂ ಕುಗ್ಗಿಸಿಕೊಳ್ಳಬೇಕಲ್ಲ!

ಸದ್ದಿಗೂ ಬೆಲೆಯಿದೆ. 1994ರಲ್ಲಿ ಹಾರ್ಲೆ-ಡೇವಿಡ್‌ಸನ್ ತನ್ನ ಬೈಕಿನ ಗುಡುಗುಡುವನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿತು. ಎದುರಾಳಿ ಕಂಪೆನಿಗಳ ತಕರಾರು ಮುಗಿಯಲೇ ಇಲ್ಲ. 2000ದಲ್ಲಿ ಅರ್ಜಿ ಹಿಂದೆ ತೆಗೆದುಕೊಂಡಿತು.

2011ರಲ್ಲಿ ಬಂದ ಬಿಎಂಡಬ್ಲ್ಯು ಎಂ5 ಕಾರಿನದು ಇನ್ನೂ ಮಜಾ. ಕ್ಯಾಬಿನ್ನಿನೊಳಗೆ ಎಂಜಿನ್ ಸದ್ದು ತೀರಾ ಕಡಿಮೆಯಾಯಿತೆಂದು ಕಂಪೆನಿಯೇ ಸ್ಪೀಕರಿನಲ್ಲಿ ಎಂಜಿನ್ ಸದ್ದು ಹಾಕಿತು! ಆ ಕಾರಿನಲ್ಲಿ ವಿಚಿತ್ರ ಸದ್ದು ಬಂದರೆ ಕರೆಯಬೇಕಾದದ್ದು ಮೆಕ್ಯಾನಿಕ್‌ನನ್ನೋ, ಸ್ಪೀಕರ್ ರಿಪೇರಿಯವನನ್ನೋ?